ಇಸುಬಿನ ಮುಲಾಮಿಗೆ ಚೀಟಿ ಬೇಡವೇ ಸ್ವಾಮೀ?

ಜ್ವರ ಬಂದರೆ ಡಾಕ್ಟರು. ಕಾಲು ಉಳುಕಿದರೆ ಡಾಕ್ಟರು. ತುರಿಕೆಗೆ ಮಾತ್ರ ಮೆಡಿಕಲ್ ಶಾಪು! ಇದು ನಮ್ಮ ದಾವಣಗೆರೆ ಜಿಲ್ಲೆಯ ಜನರ ಪದ್ಧತಿ. ನಮ್ಮ ಜಿಲ್ಲೆ ಅಂತ ಏಕೆ, ದೇಶದ ತುಂಬಾ ಇದೇ ಪದ್ಧತಿ.

ಸಂಜೆ ಜಗಳೂರು ಬಸ್ಸು ಹಿಡಿಯಲು ಓಡುವವನು ದಾರಿಯಲ್ಲಿ ಅರೆ ನಿಮಿಷ ನಿಲ್ಲುತ್ತಾನೆ. "ಅಣ್ಣಾ, ತುರಿಕಿಗೆ ಒಂದು ಟ್ಯೂಬ್ ಕೊಡ್ರಿ" ಅನ್ನುತ್ತಾನೆ. ಅಂಗಡಿಯ ಹುಡುಗ ಹಿಂದೆ ತಿರುಗಿ ಕೈಗೆ ಸಿಕ್ಕಿದ್ದನ್ನು ತೆಗೆದು ಮುಂದಿಡುತ್ತಾನೆ. "ಬೆಳಿಗ್ಗೆ ಒಂದ್ಸಲ, ರಾತ್ರಿ ಒಂದ್ಸಲ ಹಚ್ಕೊಳ್ರಿ, ಹೋಗ್ತತಿ." ತಪಾಸಣೆಯೂ ಆಯಿತು, ಚಿಕಿತ್ಸೆಯೂ ಆಯಿತು! ತುರಿಕೆ ಮೈಯಲ್ಲಿ ಎಲ್ಲಿದೆ, ಯಾವ ಬಗೆಯದು, ಹಚ್ಚುವುದು ಕೂಸಿಗೋ ಮುದುಕರಿಗೋ ಎಂದು ಕೇಳಿದವರಿಲ್ಲ, ಹೇಳಿದವರೂ ಇಲ್ಲ.

ಹೀಗೆ ಕೈ ಬದಲಾಯಿಸುವ ಟ್ಯೂಬುಗಳಲ್ಲಿ ಬಹಳಷ್ಟರ ಒಳಗೆ ಇರುವುದು ಸ್ಟೀರಾಯ್ಡ್. ಚರ್ಮರೋಗ ತಜ್ಞರು ಅಳತೆ ಹೇಳಿ, ದಿನ ಎಣಿಸಿ ಕೊಡಬೇಕಾದ ಮದ್ದು ಅದು. ಅದನ್ನು ನಾವು ಶೀಗೆಪುಡಿ ಪೊಟ್ಟಣ ತಂದ ಹಾಗೆ ತರುತ್ತಿದ್ದೇವೆ. ಇದರ ಬಗ್ಗೆ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಆದ್ದರಿಂದ ಈ ಅಂಕಣದಲ್ಲಿ ಮಾತಾಡೋಣ.

ಮದ್ದು ಒಳ್ಳೆಯದೇ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮದ್ದನ್ನು ಬೈಯುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಕಾರ್ಟಿಸೋನ್ ಜಾತಿಯ ಮದ್ದುಗಳ ಮೇಲೆ ಕೆಲಸ ಮಾಡಿದ ಮೂವರಿಗೆ 1950ರಲ್ಲಿ ನೊಬೆಲ್ ಪಾರಿತೋಷಕ ಬಂತು. 1952ರಲ್ಲಿ ಹೈಡ್ರೋಕಾರ್ಟಿಸೋನ್ ಮುಲಾಮನ್ನು ಇಸುಬಿನ ಮೇಲೆ ಹಚ್ಚಿ ಗುಣ ಕಂಡರು. ಅಲ್ಲಿಯ ತನಕ ಇಸುಬಿನವರ ಪಾಡು ಹೇಳತೀರದು. ರಾತ್ರಿಯೆಲ್ಲ ಕೆರೆದು, ರಕ್ತ ಸೋರಿ, ರಸಿಕೆ ಒಸರಿ, ನಾಲ್ಕು ಜನರ ನಡುವೆ ಕೂರಲಾರದೆ ನರಳುತ್ತಿದ್ದರು. ಈ ಮುಲಾಮುಗಳಿಂದ ಅಂಥವರಿಗೆ ನಿದ್ದೆ ಬಂತು. ಸಣ್ಣ ಉಪಕಾರವಲ್ಲ ಅದು.

ಇಸುಬು ನಮ್ಮ ನಡುವೆ ಕಡಿಮೆಯೂ ಇಲ್ಲ. ಗಾರೆ ಕೆಲಸದವರ ಕೈ ನೋಡಿ. ಸಿಮೆಂಟಿನಲ್ಲಿರುವ ಕ್ರೋಮಿಯಂ ಅಂಶಕ್ಕೆ ಕೆಲವರ ಚರ್ಮ ಸಿಡಿಮಿಡಿಗೊಂಡು ಬಿರುಕು ಬಿಡುತ್ತದೆ. ಹೋಟೆಲಿನಲ್ಲಿ ದಿನವಿಡೀ ಸೋಪಿನ ನೀರಿನಲ್ಲಿ ಕೈಯಾಡಿಸುವ ಹುಡುಗರ ಬೆರಳ ಸಂದು ನೋಡಿ. ಬೆಳ್ಳುಳ್ಳಿ ಸುಲಿದು ಸುಲಿದು ಬೆರಳ ತುದಿ ಒಡೆದವರಿದ್ದಾರೆ. ರಬ್ಬರ್ ಚಪ್ಪಲಿಯ ಪಟ್ಟಿ ಕೂತ ಕಡೆ, ಅಗ್ಗದ ಓಲೆ ತಾಗಿದ ಕಡೆ, ಹಣೆಯ ಬಿಂದಿ ಅಂಟಿಸಿದ ಕಡೆ ಇಸುಬು ಏಳುವುದುಂಟು. ಇನ್ನು ಹೊಲದ ಬದುವಿನ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ! 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಆ ಕಳೆ ಕರ್ನಾಟಕದ ಮೂಲೆ ಮೂಲೆಗೆ ಹಬ್ಬಿತು. ಅದರ ಧೂಳು ತಾಗಿದರೆ ಸಾಕು, ಕೆಲವು ರೈತರ ಮುಖ, ಕತ್ತು, ಮೊಣಕೈ ಮಡಿಕೆ ದಪ್ಪವಾಗಿ ಕಪ್ಪಾಗುತ್ತವೆ.

ಇವರಿಗೆಲ್ಲ ಮುಲಾಮು ಬೇಕು. ಬೇಕಾದ ಮುಲಾಮು, ಬೇಕಾದಷ್ಟು, ಬೇಕಾದಷ್ಟೇ ದಿನ. ಕೊನೆಯ ಮಾತನ್ನು ಮರೆತದ್ದರಿಂದಲೇ ಎಲ್ಲ ಅನಾಹುತ.

ಕಾವಲುಗಾರನಿಗೆ ನಿದ್ದೆಗುಳಿಗೆ

ಸ್ಟೀರಾಯ್ಡ್ ಮುಲಾಮುಗಳೆಲ್ಲ ಒಂದೇ ಅಲ್ಲ. ಹೈಡ್ರೋಕಾರ್ಟಿಸೋನ್ ಮೆದು. ಮೊಮೆಟಸೋನ್, ಬೀಟಾಮೆಥಸೋನ್ ಬಿರುಸು. ಕ್ಲೋಬೆಟಸಾಲ್ ಇದೆಯಲ್ಲ, ಅದು ಅತಿ ಬಿರುಸು. ಹೈಡ್ರೋಕಾರ್ಟಿಸೋನಿಗೆ ಹೋಲಿಸಿದರೆ ಅದರ ಶಕ್ತಿ 600 ಪಟ್ಟಿನವರೆಗೆ ಎಂದು ಲೆಕ್ಕ ಹಾಕಿದ್ದಾರೆ. ದಪ್ಪಗಟ್ಟಿದ ಅಂಗೈ, ಅಂಗಾಲಿಗೆ ವೈದ್ಯರು ಅದನ್ನು ಕೆಲವು ದಿನ ಕೊಡುತ್ತಾರೆ. ಎರಡು ವಾರ ದಾಟಬಾರದು, ವಾರಕ್ಕೆ 50 ಗ್ರಾಂ ಮೀರಬಾರದು ಎಂಬ ಕಟ್ಟುಪಾಡು ಅದಕ್ಕಿದೆ. ಅಂಗಡಿಯ ಕಟ್ಟೆಯ ಮೇಲೆ ಈ ಕಟ್ಟುಪಾಡನ್ನು ಹೇಳುವವರು ಯಾರು?

ಇನ್ನೊಂದು ಬಗೆ 'ಮೂರೂ ಸೇರಿದ' ಟ್ಯೂಬು. ಒಂದು ಸ್ಟೀರಾಯ್ಡ್, ಒಂದು ಹುಳುಕಡ್ಡಿ ಮದ್ದು, ಒಂದು ಕೀವಿನ ಮದ್ದು. ರೋಗ ಯಾವುದಾದರೂ ಇರಲಿ, ಯಾವುದಾದರೊಂದು ತಾಗೀತು ಎಂಬ ಲೆಕ್ಕಾಚಾರ. ಕೊಡುವವನಿಗೆ ಯೋಚನೆ ಇಲ್ಲ, ಕೊಳ್ಳುವವನಿಗೆ ಮರುದಿನವೇ ತುರಿಕೆ ಇಲ್ಲ. ಇಬ್ಬರಿಗೂ ಸಂತೋಷ.

ಆದರೆ ಒಳಗೆ ನಡೆಯುವುದೇನು? ನಮ್ಮಲ್ಲಿ ತುರಿಕೆಗೆ ಇಸುಬಿನಷ್ಟೇ ದೊಡ್ಡ ಕಾರಣ ಹುಳುಕಡ್ಡಿ. ಮಂಡಕ್ಕಿ ಭಟ್ಟಿಯ ಬೆಂಕಿ ಮುಂದೆ ನಿಲ್ಲುವವರು, ಮೂಟೆ ಹೊರುವವರು, ಬೇಸಿಗೆಯಲ್ಲಿ ಪ್ಯಾಂಟು ಬಿಗಿದು ದಿನವಿಡೀ ಗಲ್ಲಾ ಮೇಲೆ ಕೂರುವವರು, ಬಸ್ಸಿನಲ್ಲಿ ಬೆವರಿ ಒದ್ದೆಯಾಗುವವರು, ಎಲ್ಲರ ತೊಡೆಸಂದಿಗೂ ಅದು ಬರಬಹುದು. ಅದು ಬೂಷ್ಟಿನ ಜಾತಿಯ ರೋಗ. ಅದರ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ತುರಿಕೆ, ಕೆಂಪು ಇಳಿಯುತ್ತವೆ. ಯಾಕೆಂದರೆ ಅವೆರಡೂ ದೇಹ ತಾನೇ ಹೋರಾಡುತ್ತಿರುವ ಗುರುತು. ಹೋರಾಟ ನಿಂತಿತು, ಬೂಷ್ಟು ನಿಲ್ಲಲಿಲ್ಲ. ಕಾವಲುಗಾರನಿಗೆ ನಿದ್ದೆಗುಳಿಗೆ ನುಂಗಿಸಿ ಕಳ್ಳನನ್ನು ಮನೆಯೊಳಗೇ ಬಿಟ್ಟ ಹಾಗಾಯಿತು. ಟ್ಯೂಬು ಮುಗಿದ ವಾರಕ್ಕೆ ರೋಗ ಮೊದಲಿಗಿಂತ ದೊಡ್ಡ ಸುತ್ತಾಗಿ ಮೇಲೇಳುತ್ತದೆ. ಮತ್ತೆ ಟ್ಯೂಬು. ಮತ್ತೆ ಸುತ್ತು. ಆಮೇಲೆ ಹೆಂಡತಿಗೆ, ಮಕ್ಕಳಿಗೆ, ಒಂದೇ ಟವೆಲಿನಲ್ಲಿ ಮನೆಮಂದಿಗೆಲ್ಲ.

ಕೆಲವು ವರ್ಷಗಳಿಂದ ನಮ್ಮ ದೇಶದಲ್ಲಿ ಹುಳುಕಡ್ಡಿ ಹಟಮಾರಿಯಾಗಿದೆ. ಮೊದಲು ವಾಸಿ ಮಾಡುತ್ತಿದ್ದ ಟರ್ಬಿನಾಫಿನ್ ಮಾತ್ರೆಗೂ ಹಲವರಲ್ಲಿ ಬಗ್ಗುತ್ತಿಲ್ಲ. ಅಂಥ ಒಂದು ಬೂಷ್ಟಿಗೆ 2020ರಲ್ಲಿ ವಿಜ್ಞಾನಿಗಳು 'ಟ್ರೈಕೋಫೈಟಾನ್ ಇಂಡೋಟಿನಿಯೆ' ಎಂದು ನಾಮಕರಣ ಮಾಡಿದರು. ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿತು. ಎಂಥ ಕೀರ್ತಿ ನೋಡಿ! ಸಿಕ್ಕಸಿಕ್ಕಲ್ಲಿ ಮಾರುವ ಸ್ಟೀರಾಯ್ಡ್ ಮಿಶ್ರಣದ ಟ್ಯೂಬುಗಳೂ ಈ ಪಿಡುಗಿಗೆ ಒಂದು ಕಾರಣ ಎಂದು ಚರ್ಮತಜ್ಞರು ಹೇಳುತ್ತ ಬಂದಿದ್ದಾರೆ.

ಮುಖಕ್ಕೆ ಬಳಿದ ಬಣ್ಣ

ಇನ್ನು ಮುಖದ ಕಥೆ. ಬಿಳುಪಾಗಬೇಕೆಂಬ ಹುಚ್ಚು ನಮ್ಮವರನ್ನು ಬಿಟ್ಟಿಲ್ಲ. ಬಂಗಿಗೆ ವೈದ್ಯರು ಕೆಲವು ವಾರದ ಮಟ್ಟಿಗೆ ಬರೆದುಕೊಟ್ಟ ಟ್ಯೂಬನ್ನು ಹೆಣ್ಣುಮಕ್ಕಳು ವರ್ಷಗಟ್ಟಲೆ ಹಚ್ಚುತ್ತಾರೆ. ಅಕ್ಕನ ಟ್ಯೂಬು ತಂಗಿಗೆ, ತಂಗಿಯದು ಓರಗಿತ್ತಿಗೆ. ಗಂಡಸರೂ ಹಿಂದೆ ಬಿದ್ದಿಲ್ಲ. ಕ್ಷೌರ ಮಾಡಿದ ಮೇಲೆ ಹಚ್ಚುವವರಿದ್ದಾರೆ, ಮೊಡವೆಗೆ ಹಚ್ಚುವವರಿದ್ದಾರೆ.

ಮೊದಲ ತಿಂಗಳು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಒಳಗಿನ ಕೆಂಪು ನರಗಳು ಕಾಣುತ್ತವೆ. ಮೊಡವೆ ಏಳುತ್ತದೆ, ಬೇಡದ ಕಡೆ ಕೂದಲು ಬರುತ್ತದೆ. ಬಿಟ್ಟರೆ ಉರಿ, ಕೆಂಪು, ಊತ. ಬಿಡಲಾರದೆ ಮತ್ತೆ ಹಚ್ಚುತ್ತಾರೆ. ಇದನ್ನು ಚಟ ಎನ್ನದೆ ಇನ್ನೇನು ಎನ್ನಬೇಕು?

2011ರಲ್ಲಿ ನಮ್ಮ ದೇಶದ ಚರ್ಮತಜ್ಞರು 12 ಕೇಂದ್ರಗಳಲ್ಲಿ ಒಂದು ಲೆಕ್ಕ ತೆಗೆದು ಪ್ರಕಟಿಸಿದರು. ಮುಖದ ತೊಂದರೆ ಎಂದು ಬಂದ 2,926 ಜನರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಏಳು ಜನಕ್ಕೆ ಒಬ್ಬರು! ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಲಹೆ ಕೊಟ್ಟವರು ಡಾಕ್ಟರಲ್ಲದವರು.

ಮೈಯ ಚರ್ಮ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಇದನ್ನು ಅಳೆದು ನೋಡಿದರು. ಮುಂಗೈ ಚರ್ಮ ಒಂದು ಪಾಲು ಹೈಡ್ರೋಕಾರ್ಟಿಸೋನ್ ಹೀರಿದರೆ, ಹಣೆ 6 ಪಾಲು, ದವಡೆ 13 ಪಾಲು, ವೃಷಣದ ಚರ್ಮ 42 ಪಾಲು ಹೀರಿತು. ಅಂಗಾಲು ಒಂದು ಪಾಲನ್ನೂ ಹೀರಲಿಲ್ಲ. ಅಂಗಾಲಿಗೆ ಕೊಟ್ಟ ಬಿರುಸು ಮದ್ದನ್ನು ಉಳಿಯಿತಲ್ಲ ಎಂದು ತೊಡೆಸಂದಿಗೋ ಮುಖಕ್ಕೋ ಹಚ್ಚಿದರೆ ಏನಾದೀತು, ತಾವೇ ಊಹಿಸಿ. ತೊಡೆಸಂದಿಯಲ್ಲಿ, ಕಂಕುಳಲ್ಲಿ ಚರ್ಮ ಬಿರಿದು ಬೀಳುವ ಗೆರೆಗಳು ಮತ್ತೆ ಅಳಿಸುವುದಿಲ್ಲ. ಕಣ್ಣಿನ ರೆಪ್ಪೆಗೆ ಬಹಳ ಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಅಪಾಯ. ಕೂಸಿನ ಅಂಡಿಗೆ ಬಿರುಸು ಮುಲಾಮು ಹಚ್ಚಿ ಮೇಲೆ ಡೈಪರ್ ಬಿಗಿದರೆ ಮದ್ದು ರಕ್ತಕ್ಕೇ ಸೇರುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಮಗುವಿನ ಮುಖ ಊದಿ, ಬೆಳವಣಿಗೆ ಕುಂಠಿತವಾಗುವುದುಂಟು.

ಕಾನೂನು ಡಬ್ಬಿಯ ಮೇಲಿದೆ

ಸರಕಾರ ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. ಹಿಂದೆ ನಿಯಮದಲ್ಲಿ ಒಂದು ಕಿಂಡಿ ಇತ್ತು. ನುಂಗುವ, ಚುಚ್ಚುವ ಸ್ಟೀರಾಯ್ಡಿಗೆ ಚೀಟಿ ಬೇಕು, ಮೇಲೆ ಹಚ್ಚುವುದಕ್ಕೆ ವಿನಾಯಿತಿ ಎಂಬ ಕಿಂಡಿ. ಚರ್ಮತಜ್ಞರ ಸಂಘ ಇದರ ವಿರುದ್ಧ ವರ್ಷಗಳ ಕಾಲ ಕೂಗಾಡಿತು. ಕೊನೆಗೆ 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಚಿಲ್ಲರೆ ಮಾರಕೂಡದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಬಗೆಯ ಮಿಶ್ರಣ ಔಷಧಿಗಳನ್ನು ನಿಷೇಧಿಸಿತು. ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ ಚರ್ಮದ ಕ್ರೀಮುಗಳೂ ಇದ್ದವು.

ಹಾಗಾದರೆ ಕಾನೂನು ಎಲ್ಲಿದೆ? ಡಬ್ಬಿಯ ಮೇಲಿದೆ. ಉದ್ದಕ್ಕೆ ಒಂದು ಕೆಂಪು ಗೆರೆ, ಪಕ್ಕದಲ್ಲಿ ಎಚ್ಚರಿಕೆಯ ಮಾತು. ಅಕ್ಷರಗಳೋ ಇರುವೆ ಸಾಲು, ಭಾಷೆಯೋ ಇಂಗ್ಲಿಷು. ಟ್ಯೂಬು ಕೊಳ್ಳುವ ಹಮಾಲಿ ಓದಲಾರ, ಅವನ ಪರವಾಗಿ ಓದಬೇಕಾದವರು ಓದುವುದಿಲ್ಲ. ಪಿಯುಸಿ ನಡುವೆ ಬಿಟ್ಟ ವರದಿಗಾರ ನಾನು, ಔಷಧಶಾಸ್ತ್ರ ಹೇಳಲು ಹೋಗುವುದಿಲ್ಲ. ಆದರೆ ಕೆಂಪು ಗೆರೆ ಗುರುತಿಸಲು ಪದವಿ ಬೇಕಿಲ್ಲ. ಮದ್ದಿನ ಹೆಸರಿನ ಕೊನೆಗೆ 'ಸೋನ್' ಎಂದೋ 'ಬೆಟಸಾಲ್' ಎಂದೋ ಇದ್ದರೆ ಒಳಗಿರುವುದು ಸ್ಟೀರಾಯ್ಡ್ ಎಂದು ತಿಳಿದು ಎಚ್ಚರವಾಗಿ. ಇಷ್ಟು ಗೊತ್ತಿದ್ದರೆ ಅರ್ಧ ಕಷ್ಟ ತಪ್ಪೀತು.

ಬೆರಳೇ ತಕ್ಕಡಿ

ಈಗ ಚೀಟಿ ಇರುವವರ ವಿಷಯ. ಡಾಕ್ಟರು ನೋಡಿ, ಇದು ಇಸುಬೇ ಎಂದು ಖಚಿತ ಮಾಡಿ, ಮುಲಾಮು ಬರೆದರು ಎನ್ನೋಣ. ಹೊರಗೆ ಬರುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಎಲ್ಲಿಗೆ ಹಚ್ಚಲಿ? ಎಷ್ಟು ಹಚ್ಚಲಿ? ಎಷ್ಟು ದಿನ ಹಚ್ಚಲಿ? ವಾಸಿಯಾದ ಮೇಲೆ ಏನು ಮಾಡಲಿ? ಕೇಳಲು ಸಂಕೋಚ ಬೇಡ. ಡಾಕ್ಟರು ಗದರಿದರೂ ಪರವಾಗಿಲ್ಲ, ಚರ್ಮ ನಿಮ್ಮದು.

ಅಳತೆಗೆ ತಕ್ಕಡಿ ಬೇಡ, ಬೆರಳೇ ಸಾಕು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಒಂದು ಎಳೆ ಮುಲಾಮು ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ (ಬೆರಳೂ ಸೇರಿ) ಅಷ್ಟು ಸಾಕು. 1991ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಈ ಬೆರಳ ಅಳತೆಯನ್ನು ಈಗ ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ಒಂದು ಹಸ್ತ ಹಿಂದೆ ಮುಂದೆ ಸೇರಿ ಒಂದು ಎಳೆ. ಒಂದು ಪಾದಕ್ಕೆ ಎರಡು. ಇಡೀ ತೋಳಿಗೆ ಮೂರು. ಇಡೀ ಕಾಲಿಗೆ ಆರು. ಮಕ್ಕಳಿಗೆ ಇದಕ್ಕಿಂತ ಕಡಿಮೆ, ಎಷ್ಟೆಂದು ಡಾಕ್ಟರೇ ಹೇಳಬೇಕು. ಅಳೆಯುವುದು ಮಾತ್ರ ದೊಡ್ಡವರ ಬೆರಳಿನಲ್ಲೇ.

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕೇ? ಗಾರೆ ಕೆಲಸದವನೊಬ್ಬ ಎರಡೂ ಹಸ್ತಕ್ಕೆ ದಿನಕ್ಕೊಮ್ಮೆ ಹಚ್ಚಿದರೆ ಎರಡು ಎಳೆ, ಅಂದರೆ ಒಂದು ಗ್ರಾಂ. 15 ಗ್ರಾಂ ಟ್ಯೂಬು 15 ದಿನ ಬರಬೇಕು. ಅದು ಮೂರೇ ದಿನಕ್ಕೆ ಮುಗಿದರೆ ಬಳಿದದ್ದು ಹೆಚ್ಚಾಯಿತು. ಆರು ತಿಂಗಳಾದರೂ ಮುಗಿಯದಿದ್ದರೆ ಹಚ್ಚಿದ್ದೇ ಕಡಿಮೆ ಇದ್ದೀತು. ಇಲ್ಲವೇ ಅದೇ ಹಳೆಯ ಟ್ಯೂಬನ್ನು ಮನೆಯಲ್ಲಿ ಯಾರಿಗೋ ಯಾವುದಕ್ಕೋ ಹಚ್ಚುತ್ತಿದ್ದಾರೆ.

ಹಚ್ಚುವುದು ದಿನಕ್ಕೊಂದು ಸಲ, ಹೆಚ್ಚೆಂದರೆ ಎರಡು ಸಲ. ನಾಲ್ಕು ಸಲ ಹಚ್ಚಿದರೆ ನಾಲ್ಕು ಪಟ್ಟು ಬೇಗ ವಾಸಿಯಾಗುವುದಿಲ್ಲ. ಇಸುಬು ಇರುವ ಕಡೆ ಮಾತ್ರ ತೆಳ್ಳಗೆ ಸವರಬೇಕು, ಇಡೀ ಮೈಗೆ ಬಳಿಯಬಾರದು. ಹಚ್ಚಿದ ಮೇಲೆ ಕೈ ತೊಳೆಯಿರಿ. ಕೈಗೇ ಇಸುಬಿದ್ದರೆ ತೊಳೆಯುವುದು ಬೇಡ, ಆ ಕೈ ಕಣ್ಣಿಗೆ ತಾಗದಿದ್ದರೆ ಸರಿ. ಡಾಕ್ಟರು ಹೇಳದೆ ಮೇಲೆ ಪ್ಲಾಸ್ಟಿಕ್ ಸುತ್ತುವುದು, ಬಿಗಿ ಪಟ್ಟಿ ಕಟ್ಟುವುದು ಬೇಡ. ಜಾಗ ಕೀವಾದರೆ, ಸುತ್ತಲೂ ಉಂಗುರದಂತೆ ಹರಡಿದರೆ, ಎರಡು ವಾರದಲ್ಲಿ ಗುಣ ಕಾಣದಿದ್ದರೆ ಮತ್ತೊಂದು ಟ್ಯೂಬು ಕೊಳ್ಳಬೇಡಿ, ಮತ್ತೊಮ್ಮೆ ಡಾಕ್ಟರ ಬಳಿ ಹೋಗಿ. ತಿಂಗಳುಗಟ್ಟಲೆ ಹಚ್ಚಿಕೊಂಡು ಬಂದವರು ಈ ಲೇಖನ ಓದಿ ಇವತ್ತೇ ಟ್ಯೂಬನ್ನು ಚರಂಡಿಗೆ ಎಸೆಯುವುದೂ ಬೇಡ. ಒಮ್ಮೆಲೇ ಬಿಟ್ಟರೆ ಉಲ್ಬಣಿಸುವುದುಂಟು. ಹೇಗೆ ಇಳಿಸಬೇಕೆಂದು ಡಾಕ್ಟರು ದಾರಿ ಹೇಳುತ್ತಾರೆ.

ಇನ್ನೊಂದು ವಿಷಯ, ಇದಕ್ಕೆ ಚೀಟಿ ಬೇಕಿಲ್ಲ. ಇಸುಬಿನ ಚರ್ಮ ಒಣಗಿದ ಕೆರೆಯ ಹಾಗೆ ಬಿರಿದಿರುತ್ತದೆ. ಸ್ನಾನ ಮಾಡಿ ನೀರು ಒರೆಸಿದ ಕೂಡಲೇ ವ್ಯಾಸಲೀನಿನಂಥ ಜಿಡ್ಡು ಸವರಿದರೆ ತೇವ ಉಳಿಯುತ್ತದೆ. ಇದನ್ನು ದಿನಕ್ಕೆ ಎರಡು ಮೂರು ಸಲ, ವಾಸಿಯಾದ ಮೇಲೂ ಬಿಡದೆ ಮಾಡಬೇಕು. ಸ್ಟೀರಾಯ್ಡಿಗೂ ಇದಕ್ಕೂ ನಡುವೆ ಅರ್ಧ ಗಂಟೆ ಬಿಡುವಿರಲಿ. ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತದೆ. ಬೀಡಿ ಸೇದುವವರು, ಒಲೆ ಮುಂದೆ ಕೂರುವ ಹೆಂಗಸರು ಜೋಕೆ.

ಹೆದರಿಕೆಯೂ ರೋಗವೇ

ಇಷ್ಟೆಲ್ಲ ಓದಿ "ಅಯ್ಯೋ, ಸ್ಟೀರಾಯ್ಡ್ ಅಂದ್ರ ವಿಷ" ಎಂದು ಕೂಗಬೇಡಿ. ಆ ಕೂಗೂ ಊರಿನಲ್ಲಿದೆ. ಡಾಕ್ಟರು ಮಗುವಿನ ಇಸುಬಿಗೆ ಮೆದು ಮುಲಾಮು ಬರೆದುಕೊಟ್ಟಿರುತ್ತಾರೆ. ಪಕ್ಕದ ಮನೆಯವರು ಹೆದರಿಸುತ್ತಾರೆ. ತಾಯಿ ಟ್ಯೂಬನ್ನು ಹಾಗೇ ಗೂಡಿನಲ್ಲಿಡುತ್ತಾಳೆ. ಮಗು ರಾತ್ರಿಯೆಲ್ಲ ಕೆರೆದು ಅಳುತ್ತದೆ, ಕೆರೆದದ್ದು ಕೀವಾಗುತ್ತದೆ. ಆಮೇಲೆ ಸೊಪ್ಪಿನ ರಸ, ಬೂದಿ, ಗ್ಯಾರಂಟಿ ಎಣ್ಣೆ, ಒಂದೊಂದಾಗಿ ಪ್ರಯೋಗ. ಇದೂ ಅನ್ಯಾಯವೇ. ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ, ಹೇಳಿದಷ್ಟು ಹಚ್ಚಿದರೆ ಈ ಮದ್ದಿನಿಂದ ಸಾಮಾನ್ಯವಾಗಿ ಕೇಡಿಲ್ಲ. ಮುಖಕ್ಕೆ, ರೆಪ್ಪೆಗೆ ಬೇಕಾದರೆ ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮುಗಳೂ ಇವೆ. ಅದನ್ನೂ ಡಾಕ್ಟರೇ ಬರೆಯಬೇಕು.

ಅಂಗಡಿಯವರ ಮಾತೂ ಕೇಳೋಣ

ಔಷಧಿ ಅಂಗಡಿಯವರನ್ನೆಲ್ಲ ಒಂದೇ ಕೋಲಿನಿಂದ ಹೊಡೆಯುವುದು ನ್ಯಾಯವಲ್ಲ. ಚೀಟಿ ಇಲ್ಲದೆ ಟ್ಯೂಬು ಮುಟ್ಟದ ಅಂಗಡಿಗಳೂ ಇವೆ. ಉಳಿದವರು ಹೇಳುವುದು ಇದು: "ನಾವು ಕೊಡ್ಲಿಲ್ಲ ಅಂದ್ರ ಪಕ್ಕದ ಅಂಗಡಿಯವ್ರು ಕೊಡ್ತಾರ. ಗಿರಾಕಿ ಹೋಗ್ತಾನ." ವ್ಯಾಪಾರದ ಮಾತು, ಸುಳ್ಳಲ್ಲ. ಗಿರಾಕಿಯ ಮಾತೂ ಸುಳ್ಳಲ್ಲ. ಜಗಳೂರಿನ ಹಳ್ಳಿಯಿಂದ ಚರ್ಮದ ಡಾಕ್ಟರನ್ನು ಕಾಣಲು ದಾವಣಗೆರೆಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು. ಬಸ್ ಚಾರ್ಜು, ಊಟ, ಸರದಿ ಬೇರೆ. ಅದರ ಮುಂದೆ ಒಂದು ಟ್ಯೂಬಿನ ಬೆಲೆ ಏನೇನೂ ಅಲ್ಲ. ಬಡವನಿಗೆ ಬುದ್ಧಿ ಹೇಳುವ ಮುನ್ನ ಈ ಲೆಕ್ಕವನ್ನೂ ಹಾಕಬೇಕು.

ಆದರೆ ಒಂದು ಟ್ಯೂಬು ಒಂದಕ್ಕೇ ನಿಲ್ಲುವುದಿಲ್ಲ. ವರ್ಷಕ್ಕೆ ಹತ್ತು ಟ್ಯೂಬು, ಹಟ ಹಿಡಿದ ಹುಳುಕಡ್ಡಿಗೆ ತಿಂಗಳುಗಟ್ಟಲೆ ಮಾತ್ರೆ, ಮನೆಮಂದಿಗೆಲ್ಲ ಚಿಕಿತ್ಸೆ, ಇವನ್ನೆಲ್ಲ ಕೂಡಿದರೆ ಮೊದಲ ದಿನ ತೆತ್ತ ಬಸ್ ಚಾರ್ಜು ಅಗ್ಗ. ಎಲ್ಲದಕ್ಕೂ ತಜ್ಞರೇ ಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಇಸುಬು ಯಾವುದು, ಹುಳುಕಡ್ಡಿ ಯಾವುದು ಎಂದು ನೋಡಬಲ್ಲರು. ಸಂಶಯ ಬಂದರೆ ಮುಂದೆ ಕಳಿಸುತ್ತಾರೆ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಔಷಧಿ ವ್ಯಾಪಾರಿಗಳು ಒಟ್ಟಾಗಿ ಕೂತು, ಚೀಟಿ ಇಲ್ಲದೆ ಸ್ಟೀರಾಯ್ಡ್ ಮುಲಾಮು ಕೊಡುವುದಿಲ್ಲ ಎಂದು ತೀರ್ಮಾನಿಸಲಿ. ಎಲ್ಲರೂ ಒಂದೇ ದಿನದಿಂದ ನಿಲ್ಲಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವ ಭಯವಿಲ್ಲ. ಅಂಗಡಿ ಮುಂದೆ ಒಂದು ಬೋರ್ಡು ಇರಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಔಷಧ ನಿಯಂತ್ರಣ ಇಲಾಖೆಯವರು ಕಡತ ನೋಡುವ ಬದಲು ಸಾದಾ ಅಂಗಿ ಹಾಕಿಕೊಂಡು ಅಂಗಡಿಗೆ ಹೋಗಿ "ತುರಿಕಿಗೆ ಒಂದು ಟ್ಯೂಬ್ ಕೊಡ್ರಿ" ಎಂದು ಕೇಳಿ ನೋಡಲಿ. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಚರ್ಮದ ಡಾಕ್ಟರನ್ನು ಕೂರಿಸಲಿ. ಆ ದಿನ ಯಾವುದೆಂದು ಬಸ್ ನಿಲ್ದಾಣದಲ್ಲಿ ಬರೆದು ಹಾಕಲಿ.

ಇದೆಲ್ಲ ಆಗುವ ತನಕ ಓದುಗರು ಮಾಡಬಹುದಾದ ಕೆಲಸ ಒಂದಿದೆ. ಇವತ್ತು ಮನೆಗೆ ಹೋದ ಮೇಲೆ ಗೂಡಿನಲ್ಲಿ, ಕನ್ನಡಿಯ ಹಿಂದೆ, ಮೇಜಿನ ಖಾನೆಯಲ್ಲಿ ಬಿದ್ದಿರುವ ಅರ್ಧ ಹಿಂಡಿದ ಟ್ಯೂಬುಗಳನ್ನೆಲ್ಲ ತೆಗೆದು ನೋಡಿ. ಕೆಂಪು ಗೆರೆ ಇದೆಯೇ? ಯಾರಿಗೆಂದು ತಂದದ್ದು? ಚೀಟಿ ಎಲ್ಲಿ? ಉತ್ತರ ಸಿಗದ ಟ್ಯೂಬನ್ನು ಇನ್ನೊಬ್ಬರ ಮೈಗೆ ಹಚ್ಚಬೇಡಿ.